ಯಾರಿಗಾದ್ರೂ ಬಸ್ಸೈತಾ?

ನಮ್ಮ ಮೈದುನ ಸಂಜೀವಪ್ಪನನ್ನು ಊರಿನವರು ಬ್ಯಾಂಕ್ ಸಂಜೀವಪ್ಪ ಎಂದೇ ಕರೆಯುತ್ತಿದ್ದರು. ಅನುಗೊಂಡನಹಳ್ಳಿ ಹೋಬಳಿಯ ನಮ್ಮ ಊರಿನಲ್ಲಿ ಆಗ ಬೇರೆ ಸಂಜೀವಪ್ಪಂದಿರೂ ಇದ್ದರು, ಒಬ್ಬ ಗಾಣದ ಸಂಜೀವಪ್ಪ, ಒಬ್ಬ ಕೋಡಿಮನೆ ಸಂಜೀವಪ್ಪ. ಹಾಗಾಗಿ ಇವನಿಗೆ ಬ್ಯಾಂಕು ಅಂಟಿಕೊಂಡಿತು. ಆ ಹೆಸರು ಅವನಿಗೆ ಇಷ್ಟವಿತ್ತೋ ಇಲ್ಲವೋ ಗೊತ್ತಿಲ್ಲ. ಯಾರಾದರೂ ಹಾಗೆ ಕೂಗಿದರೆ ತಿರುಗಿ ನೋಡುತ್ತಿದ್ದ, ಅಷ್ಟೆ. ಅವನು ಬ್ಯಾಂಕಿಗೆ ಸೇರಿದ್ದು ಹೇಗೆ ಅನ್ನುವುದನ್ನು ಊರಿನವರು ಒಂದು ರೀತಿ ಹೇಳುತ್ತಾರೆ. ನನಗೆ ಗೊತ್ತಿರುವುದು ಇನ್ನೊಂದು ರೀತಿ.

ನಾನು ಮದುವೆಯಾಗಿ ಆ ಮನೆಗೆ ಬಂದಾಗ ಸಂಜೀವಪ್ಪ ಹೊಸಕೋಟೆಯಲ್ಲಿ ಹೈಸ್ಕೂಲು ಓದುತ್ತಿದ್ದ. ಮಾವ ಆಗಲೇ ತೀರಿಹೋಗಿದ್ದರು. ಮನೆಯಲ್ಲಿ ಅತ್ತೆ ಮುನಿವೆಂಕಟಮ್ಮ, ನಮ್ಮ ಯಜಮಾನರು ಬೈಲಪ್ಪನವರು, ಈ ಹುಡುಗ, ಆಮೇಲೆ ನಾನು. ಮಿಕ್ಕ ಜಾಗವೆಲ್ಲ ರೇಷ್ಮೆ ಹುಳದ್ದು. ನಡುಮನೆಯ ತುಂಬ ಅಟ್ಟಣೆ, ಅಟ್ಟಣೆಯ ತುಂಬ ಬಿದಿರು ತಟ್ಟೆ, ತಟ್ಟೆಯ ತುಂಬ ಹುಳ. ನಾವು ಮಲಗುತ್ತಿದ್ದದ್ದು ಜಗಲಿಯ ಮೇಲೆ, ಇಲ್ಲವೇ ಅಡುಗೆಮನೆಯಲ್ಲಿ ಒಲೆಯ ಪಕ್ಕ. ಮದುವೆಯಾದ ಹೊಸತರಲ್ಲಿ ನಮ್ಮವ್ವ ನೋಡಲು ಬಂದವಳು, "ಇದು ನಿನ್ನ ಗಂಡನ ಮನೆಯೋ ಹುಳದ ಮನೆಯೋ?" ಎಂದು ಕೇಳಿ ಹೋಗಿದ್ದಳು.

ಹುಳಕ್ಕೆ ಮೊಟ್ಟೆಯಿಂದ ಗೂಡಿನವರೆಗೆ ಹೆಚ್ಚುಕಡಿಮೆ ಒಂದು ತಿಂಗಳು. ಅದರ ನಡುವೆ ನಾಲ್ಕು ಸಲ ಹುಳ ಮೇವು ಬಿಟ್ಟು, ತಲೆ ಎತ್ತಿಕೊಂಡು ಸುಮ್ಮನೆ ಕೂತು ಪೊರೆ ಕಳಚುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಮೂರು ಜ್ವರದವರೆಗೆ ಮನೆಯವರು ಮನುಷ್ಯರ ಹಾಗೆ ಉಂಡು ಮಲಗಬಹುದು. ನಾಲ್ಕನೇ ಜ್ವರ ಎದ್ದ ಮೇಲೆ ಆ ಮಾತಿಲ್ಲ. ಸೊಪ್ಪು ಕೊಯ್ದು ತರುವುದು, ಹಾಕುವುದು, ಕಸ ತೆಗೆಯುವುದು, ಮತ್ತೆ ಸೊಪ್ಪು. ಹುಳ ಮೇಯುವ ಸದ್ದು ಒಣಗಿದ ಎಲೆಯ ಮೇಲೆ ಯಾರೋ ಬರಿಗಾಲಲ್ಲಿ ನಡೆದಂತೆ ಹಗಲೂ ರಾತ್ರಿಯೂ ಕಿವಿಯಲ್ಲೇ ಇರುತ್ತಿತ್ತು. ಒಗ್ಗರಣೆ ಹಾಕುವ ಹಾಗಿಲ್ಲ, ತಲೆಗೆ ವಾಸನೆ ಎಣ್ಣೆ ಹಚ್ಚುವ ಹಾಗಿಲ್ಲ, ಬೀಡಿ ಸೇದಿದವರು ಹೊಸಿಲು ದಾಟುವ ಹಾಗಿಲ್ಲ. ಕೊನೆಗೆ ಹುಳ ಹಣ್ಣಾಗುತ್ತದೆ. ಮೈ ಹಳದಿಗೆ ತಿರುಗಿ, ಬೆಳಕಿಗೆ ಹಿಡಿದರೆ ಆಚೆಬದಿ ಕಾಣುವ ಹಾಗೆ. ಆಗ ಒಂದೊಂದನ್ನೇ ಆರಿಸಿ ಚಂದ್ರಿಕೆಗೆ ಬಿಡಬೇಕು. ಬಿದಿರು ದಬ್ಬೆಯನ್ನು ಸುರುಳಿಯಾಗಿ ಸುತ್ತಿದ ದೊಡ್ಡ ತಟ್ಟಿ ಅದು. ಹುಳ ಅಲ್ಲಿ ಹತ್ತಿ ಗೂಡು ಕಟ್ಟುತ್ತದೆ. ಆರಿಸುವುದು ತಡವಾದರೆ ತಟ್ಟೆಯಲ್ಲೇ ನೂಲು ಬಿಟ್ಟು ತಿಂಗಳ ಬೆವರೆಲ್ಲ ಹಾಳು.

ಕೊನೆಯ ಹುಳ ಹತ್ತಿದ ಮೇಲೆ ನಾವು ಕೈ ತೊಳೆಯುವುದಕ್ಕೂ ಆಗದೆ ಕೂತಲ್ಲೇ ಒರಗುತ್ತಿದ್ದೆವು. ಆ ನಿದ್ದೆಗೆ ನಮ್ಮ ಮನೆಯಲ್ಲಿ ಒಂದು ಕಟ್ಟು ಇತ್ತು. ಮಲಗಿದವರನ್ನು ಎಬ್ಬಿಸಬಾರದು. ಎಬ್ಬಿಸಿದರೆ ಒಳಗೆ ನೂಲು ಬಿಡುತ್ತಿರುವ ಹುಳವೂ ಬೆಚ್ಚಿ ಎಳೆ ತುಂಡು ಮಾಡುತ್ತದೆ, ಗೂಡು ತೆಳ್ಳಗಾಗುತ್ತದೆ ಎಂದು ಅತ್ತೆಗೆ ಅವರ ಅತ್ತೆ ಹೇಳಿದ್ದರಂತೆ. ಒಂದು ಸಲ ಪಕ್ಕದ ಮನೆ ಸೊಣ್ಣಪ್ಪ ಓಡಿಬಂದು, "ಬೈಲಪ್ಪಾ, ನಿಮ್ಮ ರಾಗಿಗೆ ದನ ಬಿದ್ದವೆ!" ಎಂದು ಕೂಗಿದ. ಅತ್ತೆ ಬಾಗಿಲಿಗೆ ಅಡ್ಡ ನಿಂತು, "ಮೇಯ್ಲಿ ಬಿಡಪ್ಪ, ಅವಕ್ಕೂ ಹೊಟ್ಟೆ ಐತೆ. ನನ್ನ ಮಗನ್ನ ಎಬ್ಬಿಸ್ಬೇಡ" ಎಂದಿದ್ದರು. ಹಾಗೆ ನಡೆಸಿಕೊಂಡು ಬಂದ ಮನೆ.

ಸಂಜೀವಪ್ಪ ಬೆಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎಸ್ಸಿ. ಓದಿದ. ಪ್ರಾಣಿಶಾಸ್ತ್ರ. ರಜೆಗೆ ಬಂದಾಗ ಅವನ ಜೇಬಿನಲ್ಲಿ ಬ್ಲೇಡು, ಕೈಯಲ್ಲಿ ಖಾಲಿಯಾದ ಇಂಕಿನ ಬಾಟಲಿ. ನಮ್ಮ ಕಡೆ ಹುಳಕ್ಕೆ ಹಾಲುರೋಗ ಬರುತ್ತಿತ್ತು. ಹುಳ ಊದಿಕೊಂಡು, ಮುಟ್ಟಿದರೆ ಒಡೆದು ಹಾಲಿನಂಥ ನೀರು ಸುರಿಯುವ ರೋಗ. ನಾವು ಅಂಥವನ್ನು ಆರಿಸಿ ತಿಪ್ಪೆಯ ಬೂದಿಯಲ್ಲಿ ಹೂತುಬಿಡುತ್ತಿದ್ದೆವು. ಇವನು ಜಗಲಿಯ ಕಲ್ಲಿನ ಮೇಲೆ ಕೂತು ಅದನ್ನು ಸೀಳಿ ನೋಡುತ್ತಿದ್ದ, ಬಾಟಲಿಗೆ ತುಂಬಿಕೊಂಡು ಕಾಲೇಜಿಗೆ ಒಯ್ಯುತ್ತಿದ್ದ.

"ಅಲ್ಲಪ್ಪಾ, ಹುಳ ಓದಕ್ಕೆ ಬೆಂಗ್ಳೂರಿಗೆ ಯಾಕೆ ಹೋಗ್ಬೇಕು? ಮನೆ ತುಂಬ ಅವಲ್ಲ" ಎಂದು ಅತ್ತೆ ನಗುತ್ತಿದ್ದರು.

"ಮನೇಲಿರೋ ಹುಳ ಯಾಕೆ ಸಾಯ್ತವೆ ಅಂತ ಮನೇಲಿ ಯಾರಿಗೂ ಗೊತ್ತಿಲ್ವಲ್ಲಮ್ಮ, ಅದಕ್ಕೆ."

"ಸಾಯೋವು ಸಾಯ್ತವೆ. ಗೊತ್ತಾದ್ರೆ ಬದುಕ್ತಾವಾ?"

"ಬದುಕ್ಬೋದು" ಎನ್ನುತ್ತಿದ್ದ. ಆ ಮಾತು ಆಡುವಾಗ ಅವನ ಮುಖ ನೋಡಬೇಕಿತ್ತು.

ಸಾವಿರದ ಒಂಬೈನೂರ ಎಪ್ಪತ್ತೊಂದನೇ ಇಸವಿ. ಬ್ಯಾಂಕುಗಳೆಲ್ಲ ಸರ್ಕಾರದ್ದಾಗಿ, ಹಳ್ಳಿ ಕಡೆಯ ಹುಡುಗರಿಗೂ ಅಲ್ಲಿ ಕೆಲಸ ಸಿಗುತ್ತದೆ ಎಂಬ ಮಾತು ಎದ್ದಿತ್ತು. ಹಾಸ್ಟೆಲಿನ ಹುಡುಗರೆಲ್ಲ ಬರೆದರೆಂದು ಇವನೂ ಪರೀಕ್ಷೆ ಬರೆದಿದ್ದ. ಗುಮಾಸ್ತೆಯ ಕೆಲಸ ಸಿಕ್ಕಿತು, ನೆಲಮಂಗಲದಲ್ಲಿ. ಅದೇ ಹೊತ್ತಿಗೆ ಕಾಲೇಜಿನಲ್ಲಿ ಎಂ.ಎಸ್ಸಿ.ಗೂ ಸೀಟು ಸಿಕ್ಕಿತು. ಅವನ ಮೇಷ್ಟ್ರು, "ಎರಡು ವರ್ಷ ಓದು, ಆಮೇಲೆ ಹುಳದ ರೋಗದ ಮೇಲೇ ಕೆಲಸ ಮಾಡುವೆಯಂತೆ" ಎಂದು ಆಸೆ ಹಚ್ಚಿದ್ದರು. ಕಾಲೇಜಿಗೆ ಸೇರಲು ಸೋಮವಾರ ಮಧ್ಯಾಹ್ನದವರೆಗೆ ಗಡುವು. ಬ್ಯಾಂಕಿಗೆ ಅದೇ ವಾರದ ಗುರುವಾರ ಹಾಜರಾಗಬೇಕು. ನಮ್ಮ ಹುಳ ಆಗಲೇ ನಾಲ್ಕನೇ ಜ್ವರ ಎದ್ದು ಕೂತಿತ್ತು.

ಊರಿಗೆ ಬಂದವನು ಚೀಲ ಇಟ್ಟು ನೇರ ಸೊಪ್ಪಿನ ಹೊಲಕ್ಕೆ ಹೋದ. ಸಂಜೆ ಹೊರೆ ಇಳಿಸುವಾಗ ಎರಡು ಸುದ್ದಿಯನ್ನೂ ಹೇಳಿದ.

ಅತ್ತೆ, "ಬ್ಯಾಂಕಿಗೆ ಹೋಗು. ಫ್ಯಾನಿನ ಕೆಳಗೆ ಕೂರೋ ಕೆಲ್ಸ. ಮೈ ಒಣಗೋ ಹಾಗೆ ದುಡಿದಿದ್ದು ಈ ಮನೇಲಿ ಒಬ್ಬನೇ ಸಾಕು" ಎಂದರು.

ಆ ಒಬ್ಬ ಎಂದರೆ ನಮ್ಮ ಯಜಮಾನರು. ಅವರಪ್ಪ ಸತ್ತಾಗ ಮಿಡ್ಲ್ ಸ್ಕೂಲು ಬಿಟ್ಟು ನೇಗಿಲು ಹಿಡಿದವರು. ಮಾತು ಕಡಿಮೆ. ತಮ್ಮ ಅವರ ಮುಖ ನೋಡಿದ. ಅವರು ಸೊಪ್ಪು ಉದುರಿಸುತ್ತಲೇ, "ನಿನ್ನಿಷ್ಟ ಕಣ್ಲಾ" ಎಂದರು.

"ನೀನೇನಂತೀಯಾ ಅಣ್ಣ?"

"ಅಂದ್ನಲ್ಲ, ನಿನ್ನಿಷ್ಟ. ಆ ಕಡೆ ತಟ್ಟೆಗೆ ಸೊಪ್ಪು ಬಿದ್ದಿಲ್ಲ, ನೋಡು."

ಆ ವಾರವೆಲ್ಲ ಹೀಗೇ. ಒಬ್ಬರ ಕೈ ಬಿಡುವಾದಾಗ ಇನ್ನೊಬ್ಬರಿಗೆ ಬಿಡುವಿಲ್ಲ. ಬಿಡುವಿದ್ದಾಗ ಬಾಯಿ ತೆರೆಯುವ ಶಕ್ತಿಯಿಲ್ಲ. ಬಾಗಿಲಾಚೆ ನಿಂತು ಸೊಣ್ಣಪ್ಪ ಒಬ್ಬನೇ ದಿನಾ ಕೇಳುತ್ತಿದ್ದ. "ಏನಪ್ಪಾ ಬಿ.ಎಸ್ಸಿ., ತೀರ್ಮಾನ ಆಯ್ತಾ? ನೋಟು ಮೂಸ್ತೀಯೋ ಹುಳ ಮೂಸ್ತೀಯೋ?"

"ನೀನು ಬೀಡಿ ಆರ್ಸು ಸೊಣ್ಣಪ್ಪಣ್ಣ, ಆಮೇಲೆ ಹೇಳ್ತೀನಿ."

ಶನಿವಾರ ಹುಳ ಹಣ್ಣಾಗಲು ಶುರುವಾಯಿತು. ಭಾನುವಾರ ಬೆಳಿಗ್ಗೆಯಿಂದ ನಾವು ನಾಲ್ವರೂ ಬಗ್ಗಿದ ಸೊಂಟ ಎತ್ತಲಿಲ್ಲ. ನನಗೆ ಆಗ ಮೊದಲ ಬಸಿರು, ಕಾಲು ಊದಿ ಮಂದವಾಗಿತ್ತು. ಸಂಜೀವಪ್ಪ ನನ್ನ ಮುಂದಿನ ತಟ್ಟೆಯನ್ನೂ ಎಳೆದುಕೊಂಡು, "ನೀವು ಗೋಡೆಗೆ ಒರಗಿ ಕೂತ್ಕಳಿ ಅತ್ತಿಗೆ" ಎಂದ. ಅವನ ಕೈ ಎಷ್ಟು ಚುರುಕು! ಹಣ್ಣಾದ ಹುಳ ಬೆರಳಿಗೆ ತಾನಾಗಿ ಬಂದಂತೆ ಕಾಣುತ್ತಿತ್ತು. ಹೊತ್ತು ಇಳಿಯುವ ಮುಂಚೆ ಕೊನೆಯ ಚಂದ್ರಿಕೆಯನ್ನು ಹೊರಗೆ ನೆರಳಿಗೆ ಒರಗಿಸಿದೆವು. ಆ ಸಲ ಹಾಲುರೋಗ ಬಿದ್ದಿರಲಿಲ್ಲ. ಬೆಳೆ ಚೆನ್ನಾಗಿತ್ತು.

ಕೈ ತೊಳೆದು ಬಂದವನೇ ಸಂಜೀವಪ್ಪ ಜಗಲಿಯ ಮೇಲೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ಅಮ್ಮಾ, ನಾನು ತೀರ್ಮಾನ ಮಾಡಿದೀನಿ. ಬ್ಯಾಂಕು ಬೇಡ. ನಾಳೆ ಮೊದಲ್ನೇ ಬಸ್ಸಿಗೆ ಹೋಗಿ ಎಂ.ಎಸ್ಸಿ.ಗೆ ಸೇರ್ಕೊಂಡು ಬರ್ತೀನಿ. ಎಬ್ಬಿಸಮ್ಮ."

ನಮ್ಮ ಊರಿಗೆ ಆಗ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು.

"ಎದ್ರೆ ನೀನಾಗೇ ಎದ್ದು ಹೋಗಪ್ಪ" ಎಂದರು ಅತ್ತೆ. "ನಾನು ಎಬ್ಬಿಸಲ್ಲ. ಹುಳ ಹತ್ತವೆ."

"ಹುಳಕ್ಕೆ ಕಿವಿ ಇಲ್ಲ ಕಣಮ್ಮ."

"ನಿನ್ನ ಕಾಲೇಜಿನ ಹುಳಕ್ಕಿಲ್ದೆ ಇರ್ಬೋದು."

ಅವನು ನಕ್ಕ. "ಆಯ್ತು ಬಿಡು, ನಾನೇ ಏಳ್ತೀನಿ" ಎಂದು ಅಣ್ಣನ ಪಕ್ಕ ಜಗಲಿಯ ಮೇಲೆ ಚಾಪೆ ಹಾಸಿಕೊಂಡ. ತಮ್ಮನ ತೀರ್ಮಾನ ಕೇಳಿ "ಹೂಂ" ಎಂದಿದ್ದ ಯಜಮಾನರಿಗೆ ಅಷ್ಟರಲ್ಲೇ ನಿದ್ದೆ ಹತ್ತಿತ್ತು.

ಮಾರನೇ ದಿನ ನಾನು ಎದ್ದಾಗ ಬಿಸಿಲು ಅಂಗಳದ ಅರ್ಧಕ್ಕೆ ಬಂದಿತ್ತು. ಬಸ್ಸು ಹೋಗಿ ಎಷ್ಟೋ ಹೊತ್ತಾಗಿತ್ತು. ಜಗಲಿಯ ಮೇಲೆ ಅಣ್ಣತಮ್ಮ ಇಬ್ಬರೂ ಮಲಗಿದ್ದರು. ಅತ್ತೆ ಕಂಬಕ್ಕೆ ಒರಗಿ ಬಾಯಿ ತೆರೆದುಕೊಂಡು ನಿದ್ದೆಯಲ್ಲಿದ್ದರು. ನನ್ನ ಬಳೆ ಸದ್ದಿಗೋ ಏನೋ ಯಜಮಾನರು ಎದ್ದು ಕೂತರು. ಪಕ್ಕದಲ್ಲಿ ತಮ್ಮ! ಬಿಸಿಲು ನೋಡಿದರು, ತಮ್ಮನನ್ನು ನೋಡಿದರು. ಆಮೇಲೆ ಅವರಿಗೆ ಬಂದ ಕೋಪವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

"ಅಮ್ಮಾ! ಬಸ್ಸು ಹೋಯ್ತಲ್ಲಮ್ಮ! ಒಂದು ಮಾತು ಕೂಗಕ್ಕೆ ಆಗ್ಲಿಲ್ವಾ ನಿನಗೆ?"

ಅತ್ತೆ ಕಣ್ಣುಜ್ಜಿಕೊಂಡು, "ಹುಳ ಹತ್ತವಲ್ಲಪ್ಪ" ಎಂದರು.

"ಹುಳ ಅಂತೆ ಹುಳ! ಬ್ಯಾಂಕಿನ ಆಸೆಗೆ ಬೇಕು ಅಂತ್ಲೇ ಮಲಗಿಸಿದೀಯ!"

ಆ ಮಾತು ಬೀದಿಗೂ ಕೇಳಿಸಿತು. ಸೊಣ್ಣಪ್ಪನ ಹೆಂಡತಿ ಪೊರಕೆ ಹಿಡಿದು ನಿಂತಿದ್ದಳು. ಸಂಜೀವಪ್ಪ ಎದ್ದು ಕೂತು ನೆಲ ನೋಡುತ್ತಿದ್ದ. ಯಜಮಾನರು ಮುಖಕ್ಕೆ ನೀರು ಹಾಕಿಕೊಂಡು ಸೈಕಲ್ ಇಳಿಸಿದರು. "ಹತ್ತಲಾ" ಎಂದು ತಮ್ಮನನ್ನು ಹಿಂದೆ ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಹೊಸಕೋಟೆ ದಾರಿ ಹಿಡಿದರು. ಹಿಂದಿನ ರಾತ್ರಿ ಊಟವಿಲ್ಲ, ವಾರವೆಲ್ಲ ನಿದ್ದೆಯಿಲ್ಲ. ಮಣ್ಣುದಾರಿಯಲ್ಲಿ ಸೈಕಲ್ಲು ಓಲಾಡಿಕೊಂಡು ಹೋದದ್ದು ಈಗಲೂ ಕಣ್ಣಲ್ಲಿದೆ.

ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಬಂದರು. ಹೊಸಕೋಟೆಯಲ್ಲಿ ಬಸ್ಸು ಹಿಡಿದು ಕಾಲೇಜು ಮುಟ್ಟುವಷ್ಟರಲ್ಲಿ ಗಡುವು ಮುಗಿದಿತ್ತು. ಸೀಟು ಪಟ್ಟಿಯಲ್ಲಿ ಅವನ ಹಿಂದಿದ್ದವನಿಗೆ ಹೋಗಿತ್ತು. ಯಜಮಾನರು ಅಷ್ಟು ಹೇಳಿ ಗೋಡೆಗೆ ತಿರುಗಿ ಮಲಗಿದರು. ಗುರುವಾರ ಸಂಜೀವಪ್ಪ ಬ್ಯಾಂಕಿಗೆ ಹೋದ.

ಊರಿನಲ್ಲಿ ಕಥೆ ನಿಂತದ್ದು ಹೀಗೆ: ಮುನಿವೆಂಕಟಮ್ಮ ಮಗನನ್ನು ಬೇಕೆಂದೇ ಎಬ್ಬಿಸದೆ ಬ್ಯಾಂಕಿಗೆ ದೂಡಿದಳು. ಕೆಲವರು ಬೈದರು, ಹೆಚ್ಚಿನವರು ಜಾಣೆ ಎಂದರು. ಮುಂದಿನ ಬೆಳೆಯಲ್ಲಿ ಹುಳ ಹತ್ತಿಸಿ ಎಲ್ಲರೂ ಒರಗುವ ಹೊತ್ತಿಗೆ ಅತ್ತೆ ಜಗಲಿಗೆ ಬಂದು, ಒಬ್ಬೊಬ್ಬರ ಮುಖವನ್ನೂ ನೋಡಿ ಕೇಳಿದರು. "ನಾಳೆ ಯಾರಿಗಾದ್ರೂ ಬಸ್ಸೈತಾ?"

ಯಾರಿಗೂ ಇರಲಿಲ್ಲ. ಎಲ್ಲಿಗೆ ಹೋಗುವವರಿದ್ದೆವು ನಾವು? ಆದರೂ ಅಂದಿನಿಂದ ಪ್ರತಿ ಬೆಳೆಗೂ ಕೇಳುತ್ತಿದ್ದರು. ಕೇಳಿದ ಮೇಲೆ ತಾವು ಮಲಗುತ್ತಿರಲಿಲ್ಲ. ನಾವೆಲ್ಲ ಬಿದ್ದುಕೊಂಡಿದ್ದರೆ ಅವರೊಬ್ಬರು ಕಂಬದ ಹತ್ತಿರ ಕೂತು ರೆಪ್ಪೆ ಎತ್ತಿ ಎತ್ತಿ ಹಿಡಿಯುತ್ತಿದ್ದರು. ಎಪ್ಪತ್ತಾರರಲ್ಲಿ ತೀರಿಕೊಂಡರು. ಆಮೇಲೆ ಆ ಮಾತನ್ನು ನಾನು ಕೇಳತೊಡಗಿದೆ. ಯಾಕೆ ಎಂದರೆ ಹೇಳಲಾರೆ. ಕೇಳದೆ ಮಲಗಿದರೆ ಏನೋ ಮರೆತ ಹಾಗೆ ಇರುತ್ತಿತ್ತು.

ಸಂಜೀವಪ್ಪ ನೆಲಮಂಗಲದಲ್ಲಿ ರೂಮು ಮಾಡಿಕೊಂಡಿದ್ದ. ತುಮಕೂರು ರಸ್ತೆಯ ಪಕ್ಕದಲ್ಲೇ ರೂಮು. ಲಾರಿಗಳ ಸದ್ದಿಗೆ ನಿದ್ದೆ ಬರುವುದಿಲ್ಲ ಎನ್ನುತ್ತಿದ್ದ. ಕೆಲಸ ಹೇಗೆ ಎಂದರೆ "ನಡೀತೈತೆ ಅತ್ತಿಗೆ" ಎನ್ನುತ್ತಿದ್ದ. ಅದೇ ಮಾತು ಮೊದಲ ವರ್ಷ, ಅದೇ ಮಾತು ಐದನೇ ವರ್ಷ. ಅವನ ಕೆಲಸದಿಂದ ಮನೆಗೆ ಅನುಕೂಲವಾಯಿತು, ಅದನ್ನು ಇಲ್ಲ ಎನ್ನಬಾರದು. ಬೋರು ಬಂತು, ಕರೆಂಟು ಬಂತು. ಹುಳ ಹಣ್ಣಾಗುವ ವಾರಕ್ಕೆ ಮಾತ್ರ ತಪ್ಪದೆ ರಜೆ ಹಾಕಿ ಬರುತ್ತಿದ್ದ. ಕೆಲಸದಲ್ಲಿ ಮೊದಲಿನ ಚುರುಕೇ. ಆದರೆ ಊದಿದ ಹುಳ ಕೈಗೆ ಸಿಕ್ಕರೆ ನಮ್ಮ ಹಾಗೇ ಬೂದಿಗುಂಡಿಗೆ ಎಸೆದುಬಿಡುತ್ತಿದ್ದ, ಏನೂ ನೋಡದೆ. ಅವನ ಇಂಕಿನ ಬಾಟಲಿಯಲ್ಲಿ ನಾನು ಲವಂಗ ಹಾಕಿಟ್ಟಿದ್ದೆ. ಒಂದು ಸಲ ಅಡುಗೆಮನೆಯಲ್ಲಿ ಅದನ್ನು ನೋಡಿ, ಮುಚ್ಚಳ ತೆಗೆದು, ಮೂಸಿ, ಅಲ್ಲೇ ಇಟ್ಟ.

ಎಪ್ಪತ್ತೆಂಟರ ಬೆಳೆ. ಹುಳ ಹತ್ತಿಸಿ ಆಗಿತ್ತು. "ಯಾರಿಗಾದ್ರೂ ಬಸ್ಸೈತಾ?" ಎಂದೆ.

"ನನಗೈತೆ ಅತ್ತಿಗೆ. ನಾಳೆ ಬ್ಯಾಂಕಿದೆ. ಎಬ್ಬಿಸೋದು ಬೇಡ, ನಾನೇ ಏಳ್ತೀನಿ" ಎಂದ ಸಂಜೀವಪ್ಪ.

ಬೆಳಕು ಹರಿಯುವಾಗ ಎದ್ದು ನೋಡಿದರೆ ಅವನು ಪ್ಯಾಂಟು ಶರ್ಟು ಹಾಕಿಕೊಂಡು ಜಗಲಿಯ ಅಂಚಿನಲ್ಲಿ ಕೂತಿದ್ದ. ಅಣ್ಣ ಪಕ್ಕದಲ್ಲಿ ಮಲಗಿದ್ದರು. ನಾನು ಕಾಫಿ ತಂದುಕೊಟ್ಟೆ. ಅವನು ಲೋಟ ಹಿಡಿದು, "ಅಣ್ಣನ ಕೈ ನೋಡಿ ಅತ್ತಿಗೆ" ಎಂದ.

ಯಜಮಾನರ ಬಲಗೈ ಚಾಪೆಯ ಮೇಲೆ ಬಿದ್ದಿತ್ತು. ಹೆಬ್ಬೆರಳೂ ತೋರುಬೆರಳೂ ಮೆಲ್ಲಗೆ ಕೂಡುತ್ತಿದ್ದವು, ಬಿಡುತ್ತಿದ್ದವು, ಪಕ್ಕಕ್ಕೆ ಸರಿದು ಮತ್ತೆ ಕೂಡುತ್ತಿದ್ದವು. ನಿದ್ದೆಯಲ್ಲೂ ಹುಳ ಆರಿಸುತ್ತಿದ್ದರು.

"ಅವತ್ತೂ ಹಿಂಗೇ ಆರಿಸ್ತಿದ್ದ" ಎಂದ ಸಂಜೀವಪ್ಪ.

"ಯಾವತ್ತು?"

"ಎಂ.ಎಸ್ಸಿ. ತಪ್ಪಿದ ದಿನ. ನನಗೆ ಎಚ್ಚರ ಆಗಿತ್ತು ಅತ್ತಿಗೆ. ಬಸ್ಸಿಗಿಂತ ಮುಂಚೇನೇ ಆಗಿತ್ತು. ಎದ್ದು ಕೂತೆ. ಇವನ ಕೈ ಕಾಣಿಸ್ತು. ಇನ್ನೂ ಎರಡು ವರ್ಷ ನಾನು ಓದ್ತಾ ಕೂತ್ರೆ ಈ ಕೈಗೆ ನಿದ್ದೇನಲ್ಲೂ ಬಿಡುವಿಲ್ಲ ಅನ್ನಿಸ್ತು. ಮತ್ತೆ ಮಲಗಿದೆ. ಬಸ್ಸು ಬಂದು ಹಾರ್ನ್ ಹೊಡೀತು, ನಿಂತಿತ್ತು, ಹೋಯ್ತು. ಎಲ್ಲಾ ಕೇಳಿಸ್ಕೊಂಡೆ."

ನಾನು ಕಂಬ ಹಿಡಿದು ಕೂತೆ. "ಅಣ್ಣನಿಗೋಸ್ಕರನಾ?"

"ಹಂಗೇ ಅಂದ್ಕೊಂಡಿದ್ದೆ ಬಹಳ ವರ್ಷ." ಅವನು ಕಾಫಿ ಆರಿಸುವವನ ಹಾಗೆ ಲೋಟ ನೋಡಿದ. "ಅದೊಂದೇ ಅಲ್ಲ. ನನಗೂ ಸುಸ್ತಾಗಿತ್ತು. ಏಳಕ್ಕೆ ಮೈ ಬರ್ಲಿಲ್ಲ. ಅದೆಷ್ಟು ಇದೆಷ್ಟು ಅಂತ ಇವತ್ತಿಗೂ ತಿಳೀತಿಲ್ಲ."

"ಆಗ್ಲೇ ಹೇಳ್ಬಾರ್ದಿತ್ತೇನಪ್ಪ?"

"ಅಣ್ಣ ಅಮ್ಮನ ಮೇಲೆ ಕೂಗಾಡ್ದಾಗ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಸೈಕಲ್ ಇಳಿಸ್ಬಿಟ್ಟ. ನಾನು ಓದೋದು ಅವನಿಗೆ ಬೇಕಾಗಿತ್ತು ಅಂತ ಅವತ್ತೇ ನನಗೆ ಗೊತ್ತಾಗಿದ್ದು. ವಾರವೆಲ್ಲ ನಿನ್ನಿಷ್ಟ ನಿನ್ನಿಷ್ಟ ಅಂದವನು, ದಿಣ್ಣೇಲೂ ಇಳೀದೆ ತುಳೀತಾವ್ನೆ. ಬೆನ್ನೆಲ್ಲ ಒದ್ದೆ. ನಾನು ಹಿಂದೆ ಕೂತು ಆ ಬೆನ್ನು ನೋಡ್ಕೊಂಡು ಹೋದೆ. ಕಾಲೇಜಲ್ಲಿ ಆ ಗುಮಾಸ್ತೆಗೆ ಕೈ ಮುಗಿದು, 'ಸ್ವಾಮಿ, ಹುಳದ ಮನೆ ಹುಡುಗ, ಒಂದು ವಾರದಿಂದ ನಿದ್ದೆ ಇಲ್ಲ, ಮಲಗ್ಬಿಟ್ಟ' ಅಂತ ಬೇಡ್ಕೊಂಡ. ಆ ಮನುಷ್ಯ, 'ಹುಳಕ್ಕೂ ನಿದ್ದೆಗೂ ಏನ್ರೀ ಸಂಬಂಧ' ಅಂದ. ಪಕ್ಕದಲ್ಲೇ ನಾನು ನಿಂತಿದ್ದೆ. ಎಲ್ಲಿ ಹೇಳ್ಲಿ ಅತ್ತಿಗೆ?"

ಅವನ ದನಿ ದಣಿದಿತ್ತು. "ಅಮ್ಮನಿಗಾದ್ರೂ ಹೇಳ್ಬೇಕಿತ್ತು. ಎಷ್ಟು ಬೆಳೆ ಹಂಗೇ ಕೂತಿದ್ಲು" ಎಂದ.

ನನಗೆ ಅತ್ತೆಯ ರೆಪ್ಪೆಗಳು ನೆನಪಿಗೆ ಬಂದವು.

"ಅಣ್ಣನಿಗೆ ಹೇಳು. ಇವತ್ತೇ ಹೇಳ್ಬಿಡು" ಎಂದೆ.

"ಎಬ್ಬಿಸ್ಲಾ?"

ಅವನು ಕೇಳಿದ್ದು ನಿಜವಾಗಿಯೇ. ನಾವಿಬ್ಬರೂ ಅವರನ್ನು ನೋಡಿದೆವು. ಬಾಯಿ ಸ್ವಲ್ಪ ತೆರೆದಿತ್ತು. ಬೆರಳುಗಳು ಆಗ ಸುಮ್ಮನಾಗಿದ್ದವು. ಆರಿಸುವುದು ಮುಗಿದಿತ್ತೋ ಏನೋ. ಅಂಗಳದ ಚಂದ್ರಿಕೆಗಳಲ್ಲಿ ಹುಳಗಳು ತಮ್ಮ ಸುತ್ತ ತಾವೇ ಎಳೆ ಸುತ್ತಿಕೊಳ್ಳುತ್ತಿದ್ದವು. ಕೆರೆ ಕಡೆಯಿಂದ ಬಸ್ಸಿನ ಸದ್ದು ಬಂತು.

"ಮಲಗ್ಲಿ ಬಿಡಪ್ಪ" ಎಂದೆ.

ಸಂಜೀವಪ್ಪ ಲೋಟ ಕೆಳಗಿಟ್ಟು, ಚೀಲ ಹೆಗಲಿಗೆ ಹಾಕಿಕೊಂಡ. "ಬರ್ತೀನಿ ಅತ್ತಿಗೆ" ಎಂದು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಅಂಗಳ ದಾಟಿದ. ಬೀದಿಗೆ ಹೋದ ಮೇಲೆ ಮೆಟ್ಟಿಕೊಂಡ. ಹಾರ್ನ್ ಕೇಳಿತು, ಬಸ್ಸು ನಿಂತಿತು, ಹೋಯಿತು.

ಬಿಸಿಲು ಏರಿದ ಮೇಲೆ ಯಜಮಾನರು ಕಣ್ಣು ಬಿಟ್ಟರು. ಪಕ್ಕದ ಖಾಲಿ ಚಾಪೆಯನ್ನು ಕೈಯಿಂದ ತಡವಿ, "ಸಂಜೀವ ಎಲ್ಲಿ?" ಎಂದರು.

"ಬಸ್ಸಿಗೆ ಹೋದ."

"ಯಾರು ಎಬ್ಬಿಸಿದ್ರು?"

"ಯಾರೂ ಇಲ್ಲ. ತಾನೇ ಎದ್ದ."

"ಪರ್ವಾಗಿಲ್ಲ, ಈಗ್ಲಾದ್ರೂ ಏಳೋದು ಕಲ್ತವ್ನೆ" ಎಂದು ನಕ್ಕು, ಆ ಕಡೆ ಮಗ್ಗುಲು ತಿರುಗಿ ಮತ್ತೆ ನಿದ್ದೆ ಹೋದರು.